ಹುಟ್ಟುಗೂದಲು

ಕೂದಲು ಮಾತಾಡಲು ಶುರುಮಾಡಿದ ಮೇಲೆ ಕುಂದಾಪುರ ಸೀಮೆಯಲ್ಲಿ ಬೀಗರ ಜಗಳದ ಧಾಟಿಯೇ ಬದಲಾಯಿತು. ಮೊದಲೆಲ್ಲ ಸೊಸೆ ಬಡಕಲಾದರೆ, ಮಗು ಮಂಕಾದರೆ, ಯಾರ ಮನೆಯ ಅನ್ನದ ದೋಷ ಎಂದು ಎರಡೂ ಕಡೆಯವರು ಬಾಯಿಗೆ ಬಂದದ್ದು ಆಡಿಕೊಂಡು ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಈಗ ಹಾಗಲ್ಲ. ಒಂದು ಕೂದಲು ಕತ್ತರಿಸಿ ಯಂತ್ರಕ್ಕೆ ಕೊಟ್ಟರೆ, ಮದುವೆಗೆ ಮುಂಚೆ ಮೈಯಲ್ಲಿ ಎಷ್ಟು ವಿಷವಿತ್ತು, ಮದುವೆಯಾದ ಮೇಲೆ ಎಷ್ಟಾಯಿತು ಎಂದು ಅದು ಗೆರೆ ಎಳೆದು ತೋರಿಸಿಬಿಡುತ್ತಿತ್ತು.

ಯಂತ್ರದ ಹಿಂದಿನ ವಿಚಾರ ಕಷ್ಟದ್ದೇನಲ್ಲ. ಕೂದಲು ತಿಂಗಳಿಗೆ ಕಿರುಬೆರಳಿನ ಅಗಲದಷ್ಟು ಬೆಳೆಯುತ್ತದೆ. ಬೆಳೆಯುವಾಗ ಆ ಹೊತ್ತಿಗೆ ರಕ್ತದಲ್ಲಿ ಏನಿತ್ತೋ ಅದರ ಚೂರನ್ನು ತನ್ನೊಳಗೆ ಕಟ್ಟಿಕೊಂಡು ಹೊರಗೆ ಬರುತ್ತದೆ. ಬುಡದಲ್ಲಿ ಈ ವಾರ, ತುದಿಯಲ್ಲಿ ಹೋದ ವರ್ಷ. ಯಂತ್ರದ ಬೆಳಕಿನ ಸೂಜಿ ಕೂದಲಿನ ಹೊರಸಿಪ್ಪೆಯನ್ನು ಸುಲಿದು ಬಿಸಾಕಿ, ಒಳಗಿನ ತಿರುಳನ್ನು ಮಾತ್ರ ತುದಿಯಿಂದ ಬುಡದವರೆಗೆ ಸುಡುತ್ತಾ ಹೋಗುತ್ತದೆ. ಎದ್ದ ಆವಿಯಲ್ಲಿ ಸೀಸವೆಷ್ಟು, ಪಾದರಸವೆಷ್ಟು, ಆರ್ಸೆನಿಕ್ ಎಷ್ಟು ಎಂದು ಪರದೆಯ ಮೇಲೆ ಗೆರೆಗಳು ಏರಿಳಿಯುತ್ತವೆ. ಉದ್ದ ಜಡೆಯ ಹೆಂಗಸೊಬ್ಬಳು ಬಂದು ಕೂತರೆ ಆರೇಳು ವರ್ಷದ ಊಟ, ನೀರು, ಗಾಳಿ ಎಲ್ಲ ಬಯಲಾಗುತ್ತಿತ್ತು.

ಊರು ಇದಕ್ಕೆ ತನ್ನದೇ ರೀತಿಯಲ್ಲಿ ಒಗ್ಗಿಕೊಂಡಿತು. ಬೋರ್ಡಿನ ಮೇಲೆ ‘ಕರಾವಳಿ ಕೇಶ ವಿಶ್ಲೇಷಣಾ ಕೇಂದ್ರ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಜನ ಕರೆದದ್ದು ಕೂದಲಾಸ್ಪತ್ರೆ ಎಂದೇ. ಹೆಣ್ಣು ನೋಡಲು ಬರುವ ಗಂಡು ನುಣ್ಣಗೆ ತಲೆ ಬೋಳಿಸಿಕೊಂಡು ಬಂದರೆ ಹುಡುಗಿಯ ಕಡೆಯವರು ಕಾಫಿ ಕೊಟ್ಟು ಕಳಿಸಿಬಿಡುತ್ತಿದ್ದರು. ಒಮ್ಮೆ ಒಂದು ಕೇರಿಯ ಅಷ್ಟೂ ಮಕ್ಕಳ ಕೂದಲಲ್ಲಿ ಒಂದೇ ಬಗೆಯ ಸೀಸ ಸಿಕ್ಕಿ, ಜಾಡು ಹಿಡಿದು ಹೋದರೆ ಅದು ಶಾಲೆಯೆದುರಿನ ಚುರುಮುರಿ ಗಾಡಿಯ ಅರಿಶಿನ ಪುಡಿಯಲ್ಲಿತ್ತು. ಹಳದಿ ಬಣ್ಣ ಹೊಳೆಯಲೆಂದು ಯಾರೋ ಬೆರೆಸಿದ್ದು. ಗಾಡಿಯವನೂ ತನ್ನ ಮಕ್ಕಳಿಗೆ ಅದನ್ನೇ ತಿನ್ನಿಸಿದ್ದ, ಪಾಪ.

ಈ ಕೇಂದ್ರದ ಮುಖ್ಯಸ್ಥೆ ನಿರೀಕ್ಷಾ. ಐವತ್ತು ದಾಟಿದ, ಮಾತು ಕಡಿಮೆ, ಹಟ ಜಾಸ್ತಿ ಎನ್ನುವಂಥ ಹೆಂಗಸು. ತಲೆಗೆ ಬಣ್ಣ ಹಚ್ಚುತ್ತಿದ್ದಳಾದ್ದರಿಂದ ಅವಳ ಕೂದಲನ್ನು ಮಾತ್ರ ಯಂತ್ರ ಓದುತ್ತಿರಲಿಲ್ಲ. ಸಹೋದ್ಯೋಗಿ ಅಜ್ಮಲ್ ಇದನ್ನು ಆಗಾಗ ಎತ್ತಿ ಕಾಡಿಸುತ್ತಿದ್ದ. ಎಷ್ಟೋ ಅತ್ತೆಯರು ಅವಳೆದುರು ಕೂತು, ಗೆರೆ ಏರಿದ್ದನ್ನು ನೋಡಿ, “ಯಂತ್ರ ಕೆಟ್ಟಿತ್ತ್” ಎಂದು ಕೂಗಾಡಿ ಎದ್ದು ಹೋಗಿದ್ದರು. ಅವಳದು ಯಾವಾಗಲೂ ಒಂದೇ ಉತ್ತರ: ಯಂತ್ರಕ್ಕೆ ಅತ್ತೆಮನೆ ಯಾವುದು, ತವರು ಯಾವುದು ಗೊತ್ತಿಲ್ಲ.

ಈಗ ಅವಳ ಮನೆಯ ಸರದಿ ಬಂದಿತ್ತು. ಮಗಳು ಪ್ರಾಪ್ತಿಯನ್ನು ಬೈಂದೂರಿಗೆ ಕೊಟ್ಟಿತ್ತು. ಅವಳ ಕೂಸು ಮೇದಿನಿಗೆ ವರ್ಷ ತುಂಬಿದರೂ ಹಿಡಿದುಕೊಂಡು ನಿಲ್ಲುತ್ತಿರಲಿಲ್ಲ. ಮುಖದಲ್ಲಿ ರಕ್ತವಿಲ್ಲ, ಹೊಟ್ಟೆ ಹಿಡಿದು ಅಳುವುದು, ಕರೆದರೆ ತಡವಾಗಿ ತಿರುಗುವುದು. ಮಕ್ಕಳ ಡಾಕ್ಟರು ರಕ್ತ ನೋಡಿ ಸೀಸ ಅಂದರು. ಬಲವಾದ ಔಷಧಿ ಹಾಕುವಷ್ಟು ಏರಿಲ್ಲ, ಆದರೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸದಿದ್ದರೆ ಬೆಳೆಯುವ ಮಿದುಳಿಗೆ ಪೆಟ್ಟು ಅಂದರು. ನಿಂತರೆ ಮಗು ತಾನಾಗಿ ಚೇತರಿಸಿಕೊಳ್ಳುತ್ತದೆ, ನಿಲ್ಲದಿದ್ದರೆ ಹೇಳಲಾಗದು.

ನಿರೀಕ್ಷಾಗೆ ಅನುಮಾನವೇ ಇರಲಿಲ್ಲ. ಬೀಗಿತಿ ಶಶಿರೇಖಾಳ ಮನೆ ಹೆದ್ದಾರಿಗೆ ತಾಗಿಕೊಂಡಿದೆ, ಹಳೇ ಕಿಟಕಿಗಳಿಗೆ ಹಳೇ ಬಣ್ಣ ಇದೆ, ಅಡುಗೆಗೆ ಅಂಗಡಿಯ ಪುಡಿ. ಇನ್ನೇನು ಬೇಕು? ಕೂಸಿನ ಹುಟ್ಟುಗೂದಲು ತೆಗೆಯುವ ಶಾಸ್ತ್ರದ ದಿನ, ಕೂದಲು ನೆಲಕ್ಕೆ ಬೀಳದ ಹಾಗೆ ಸೋದರತ್ತೆ ಸೆರಗಿನಲ್ಲಿ ಹಿಡಿದದ್ದನ್ನು ನಿರೀಕ್ಷಾ ಬೇಡಿ ತೆಗೆದುಕೊಂಡಳು. ಸಮುದ್ರಕ್ಕೆ ಬಿಡಬೇಕಾದದ್ದು ಅದು. ಹುಟ್ಟುಗೂದಲಿನ ತುದಿ ಬೆಳೆದದ್ದು ತಾಯಿಯ ಹೊಟ್ಟೆಯಲ್ಲಿ. ಅಲ್ಲಿಂದ ಇವತ್ತಿನವರೆಗೆ ಕೂಸಿನ ಜನ್ಮವಿಡೀ ಅದರಲ್ಲಿದೆ.

“ತಕಂಡ್ ಹೋಯ್ನಿ ಅಕ್ಕ,” ಎಂದಳು ಶಶಿರೇಖಾ. ಟೈಲರಿಂಗ್ ಅಂಗಡಿ ನಡೆಸುವ, ಮುಖದ ಮೇಲೆ ಹೇಳುವ ಹೆಂಗಸು. “ನಮ್ಮನೆದ್ದೇ ತಪ್ಪ್ ಅಂದ್ರೆ ಈ ಮನೆ ಒಡ್ದ್ ಬೇರೆ ಕಟ್ತೆ. ಕೂಸ್ ಒಂದ್ ಸರಿಯಾಯ್ಲಿ.”

ನಿರೀಕ್ಷಾಗೆ ಆ ಮಾತು ಕೇಳಿ ಒಳಗೊಳಗೇ ಗೆದ್ದ ಹಾಗಾಯಿತು.

ಮಾರನೇ ದಿನ ಕೇಂದ್ರದಲ್ಲಿ ಯಂತ್ರ ಕೂದಲನ್ನು ಓದುತ್ತಿದ್ದಂತೆ ಅವಳ ಮುಖ ಸಣ್ಣದಾಯಿತು. ಹೊಟ್ಟೆಯಲ್ಲಿದ್ದಷ್ಟು ಕಾಲ ಗೆರೆ ನೆಲ ಹಿಡಿದಿತ್ತು. ಆಗ ಪ್ರಾಪ್ತಿ ಬೈಂದೂರಿನಲ್ಲೇ ಇದ್ದಳು, ಶಶಿರೇಖಾಳ ಕೈಯ ಅಡುಗೆಯನ್ನೇ ಉಂಡಿದ್ದಳು. ಹುಟ್ಟಿದ ಕೆಲವೇ ದಿನಕ್ಕೆ ಗೆರೆ ಒಂದೇ ಸಮ ಮೇಲೆ ಹತ್ತಿತು. ತವರಿನಲ್ಲಿ ಕಳೆದ ಬಾಣಂತನದ ತಿಂಗಳುಗಳಿಡೀ ಹತ್ತುತ್ತಲೇ ಇತ್ತು. ಬೈಂದೂರಿಗೆ ವಾಪಸು ಹೋದ ಮೇಲೆ ನಿಧಾನ ಇಳಿಯಿತು. ಆಮೇಲೆ ಮತ್ತೊಂದು ಏರು.

“ಈ ಎರಡನೇ ಗುಡ್ಡ ಯಾವಾಗಿನದು?” ಎಂದು ಅಜ್ಮಲ್ ಕೇಳಿದ.

“ದೀಪಾವಳಿ,” ಎಂದಳು ನಿರೀಕ್ಷಾ. “ನಮ್ಮ ಮನೆಗೆ ಬಂದಿದ್ದರು.”

ಸದಾ ಕಾಡಿಸುವ ಅಜ್ಮಲ್ ವರದಿಯನ್ನು ಮುದ್ರಿಸಿ ಅವಳ ಮುಂದಿಟ್ಟು ಹೋದ.

ಬೀಗಿತಿಗೆ ಫೋನ್ ಮಾಡಬೇಕಿತ್ತು. ಒಂದು ಗಳಿಗೆ ನಿರೀಕ್ಷಾಗೆ ಕೆಟ್ಟ ಯೋಚನೆ ಬಂದದ್ದು ನಿಜ: ಫಲಿತಾಂಶ ಸ್ಪಷ್ಟವಿಲ್ಲ ಎಂದರೆ ಯಾರು ಬಂದು ನೋಡುತ್ತಾರೆ? ಆದರೆ ಕೂಸು ಮುಂದಿನ ವಾರ ಮತ್ತೆ ತನ್ನ ಮನೆಗೇ ಬರುವುದಿತ್ತು. ಅವಳು ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಚೆ ಕಡೆ ಶಶಿರೇಖಾ ಕೂಗಾಡಲಿಲ್ಲ. “ಹಾಂಗಾರೆ ಕೂಸ್ ಇನ್ನ್ ಆ ಮನಿಗೆ ಬಪ್ಪುದ್ ಬ್ಯಾಡ ಅಕ್ಕ. ಪ್ರಾಪ್ತಿ ಬೇಕಾರೆ ಬಂದ್ ಹೋಯ್ಲಿ,” ಎಂದಳು. ನಿರೀಕ್ಷಾ ಹೂಂ ಎಂದು ಫೋನಿಟ್ಟಳು. ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು.

ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಮನೆ ಎಂದರೆ ಅವಳ ಅಮ್ಮ, ಬೇಬಿಯಮ್ಮ. ಆ ಕಾಲಕ್ಕೆ ಬೇಬಿ ಎಂಬ ಹೆಸರಿನವರೆಲ್ಲ ಮುತ್ತಜ್ಜಿಯರಾಗಿದ್ದರು. ಕೋಡಿಯ ಮೀನುಗಾರರ ಕೇರಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸಲು ಬೇಬಿಯಮ್ಮನೇ ಬೇಕು. ಸೂರ್ಯನ ಬಿಸಿಲಿಗೆ ಕಾಯುವ ನೀರು ಮನೆಮನೆಯ ನಲ್ಲಿಯಲ್ಲಿ ಬರುತ್ತಿದ್ದರೂ, ಬಾಣಂತಿಗೆ ಮಾತ್ರ ಹಂಡೆಯ ನೀರೇ ಆಗಬೇಕು ಎಂಬ ಅವಳ ಕಟ್ಟಳೆಯನ್ನು ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ನಿರೀಕ್ಷಾ ಕೇಂದ್ರದ ಕೈಯಂತ್ರ ತಂದು ಅಡುಗೆಮನೆ ತಪಾಸಣೆಗೆ ಇಳಿದಳು. ಮೊಬೈಲಿನಷ್ಟೇ ದೊಡ್ಡ ಡಬ್ಬಿ ಅದು. ಸೀಸ ಕಂಡರೆ ಕಿರ್ರ್ ಎನ್ನುತ್ತದೆ. ಅಕ್ಕಿ, ಬೇಳೆ, ಒಣಮೀನು, ಬಾವಿಯ ನೀರು, ಹಿತ್ತಾಳೆ ಪಾತ್ರೆ, ಕೂಸಿಗೆ ಹಚ್ಚಿದ ಕಾಡಿಗೆ ಎಲ್ಲಕ್ಕೂ ಹಿಡಿದಳು. ಡಬ್ಬಿ ತುಟಿ ಪಿಟಕ್ಕೆನ್ನಲಿಲ್ಲ.

“ಎಂತ ಹೆಣ್ಣೆ, ನನ್ನ್ ಅಡುಗೆಮನೆಗೇ ಪೊಲೀಸ್ರನ್ನ ಕರ್ಕಂಡ್ ಬಂದ್ಯಾ?” ಬಾಗಿಲಲ್ಲಿ ನಿಂತ ಬೇಬಿಯಮ್ಮನ ದನಿ ಗಡುಸಾಗಿತ್ತು. “ಅರಶಿನ ನಾನೇ ಬೇಯ್ಸಿ ಒಣಗ್ಸಿ ಪುಡಿ ಮಾಡಿದ್. ಅಂಗ್ಡಿದ್ ಒಂದ್ ಚಿಟಿಕೆ ಈ ಮನಿಯಂಗೆ ಇಲ್ಲ.”

“ಗೊತ್ತಿತ್ತ್ ಅಮ್ಮ.”

“ಮತ್ತೆ ಎಂತ ಹುಡ್ಕುದ್?”

“ಕೂಸಿಗೆ ಸೀಸ ಹೋದ್ದ್ ಈ ಮನಿಯಂಗೇ. ಅದ್ ಎಲ್ಲಿಂದ ಅಂದೇಳಿ ಗೊತ್ತಾಯ್ತಿಲ್ಲ.”

ಬೇಬಿಯಮ್ಮ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಸಿಟ್ಟು ಎಲ್ಲಿಗೆ ಹೋಯಿತೋ. ಆಮೇಲೆ ತಾನೇ ಎದ್ದು ಒಂದೊಂದೇ ಡಬ್ಬ ಇಳಿಸಿ ಮಗಳ ಮುಂದಿಟ್ಟಳು, ಉಪ್ಪಿನಕಾಯಿ ಭರಣಿಯವರೆಗೆ. ಯಾವುದರಲ್ಲೂ ಏನೂ ಸಿಗಲಿಲ್ಲ.

ಸೀಸಕ್ಕೂ ಊರು ಎಂಬುದಿದೆ. ಯಾವ ಗಣಿಯಿಂದ ಬಂತು, ಯಾವುದರ ಜೊತೆ ಬೆರೆತು ಬಂತು ಎಂಬ ಗುರುತು ಅದರ ಮೈಮೇಲಿರುತ್ತದೆ. ನಿರೀಕ್ಷಾ ಉಳಿದ ಹುಟ್ಟುಗೂದಲನ್ನು ಯಂತ್ರಕ್ಕಿಟ್ಟು, ಈ ಬಾರಿ ಸೀಸವೊಂದನ್ನೇ ಅಲ್ಲದೆ ಎಲ್ಲ ಲೋಹಗಳ ಗೆರೆಯನ್ನೂ ತೆರೆದಳು. ಸೀಸ ಏರಿದ ಕಡೆಯಲ್ಲೆಲ್ಲ ಇನ್ನೆರಡು ಗೆರೆ ಅದರ ಜೊತೆಗೇ ಏರಿದ್ದವು. ತಾಮ್ರ ಒಂದು, ತವರ ಇನ್ನೊಂದು.

ಅಜ್ಮಲ್ ಚಹಾ ಹಿಡಿದುಕೊಂಡು ಬಂದು ಹಿಂದಿನಿಂದ ಬಗ್ಗಿ ನೋಡಿದ. “ಇದು ನಾವು ಹೋದ ತಿಂಗಳು ನೋಡಿದ ಬಂದರಿನ ಕೆಸರಿನ ವರದಿಯಲ್ಲವಾ ಮೇಡಂ? ಅದು ಇಲ್ಲಿ ಯಾಕೆ ತೆರೆದಿರಿ?”

“ಇದು ಮೇದಿನಿಯ ಕೂದಲು.”

“ತಮಾಷೆ ಮಾಡಬೇಡಿ. ಸೀಸ, ತಾಮ್ರ, ತವರ ಮೂರೂ ಒಟ್ಟಿಗೆ ಅಂದರೆ ಅದು ಹಳೇ ದೋಣಿಯ ತಳದ ಬಣ್ಣ. ಚಿಪ್ಪುಹುಳ ಅಂಟದ ಹಾಗೆ ಬಳಿಯುತ್ತಿದ್ದರಲ್ಲ, ಅದು. ಕೂಸು ಏನು ದೋಣಿ ತಿಂದಿದೆಯಾ?”

ಕೈಯಲ್ಲಿದ್ದ ಪೆನ್ನು ಬಿದ್ದದ್ದೂ ನಿರೀಕ್ಷಾಗೆ ಗೊತ್ತಾಗಲಿಲ್ಲ. ಬಾಣಂತನಕ್ಕೂ ದೀಪಾವಳಿಗೂ ಏನು ಸಂಬಂಧ ಎಂದು ಅವಳು ಎರಡು ದಿನದಿಂದ ಊಟದಲ್ಲಿ ಹುಡುಕುತ್ತಿದ್ದಳು. ಎರಡಕ್ಕೂ ಸಂಬಂಧ ಊಟದ್ದಲ್ಲ, ಸ್ನಾನದ್ದು. ವರ್ಷವಿಡೀ ಆರಿರುವ ಬಚ್ಚಲ ಒಲೆ ಆ ಮನೆಯಲ್ಲಿ ಉರಿಯುತ್ತಿದ್ದದ್ದು ಬಾಣಂತಿ ನೀರಿಗೆ ಮತ್ತು ಹಬ್ಬದ ಎಣ್ಣೆಸ್ನಾನಕ್ಕೆ ಮಾತ್ರ. ಬಾಣಂತಿ ನೀರಿನ ಹೊತ್ತಿಗೆ ಅವಳು ಕೇಂದ್ರದಲ್ಲಿರುತ್ತಿದ್ದಳು, ಹಬ್ಬದ ದಿನ ಅಡುಗೆಮನೆಯಲ್ಲಿ. ಒಲೆಗೆ ಏನು ಹಾಕುತ್ತಾರೆ ಎಂದು ಒಂದು ದಿನವೂ ಇಣುಕಿ ನೋಡಿರಲಿಲ್ಲ. ವಿಷ ಎನ್ನುವುದು ಅಂಗಡಿಯಿಂದ, ಕಾರ್ಖಾನೆಯಿಂದ, ಬೀಗರ ಮನೆಯಿಂದ ಬರುವಂಥದ್ದು ಎಂದೇ ನಂಬಿಕೊಂಡಿದ್ದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು. “ಅಮ್ಮ, ಕೂಸಿನ ನೀರಿಗೆ ಯಾವ ಕಟ್ಟಿಗೆ ಹಾಕ್ತಾ ಇದ್ದೆ?”

ಬೇಬಿಯಮ್ಮನ ಮುಖ ಅರಳಿತು. ಕೊನೆಗೂ ಮಗಳು ಕೇಳಬೇಕಾದದ್ದನ್ನು ಕೇಳಿದಳು ಎಂಬಂತೆ ಅವಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಟಾರ್ಪಾಲು ಸರಿಸಿದಳು. ಕೆಳಗೆ ಹಲಗೆಗಳ ಅಟ್ಟಿ. ಬಿಸಿಲಿಗೆ ಬಿರುಕು ಬಿಟ್ಟ ಕೆಂಪು, ನೀಲಿ, ಮತ್ತೆ ಕೆಂಪು ಪದರಗಳು.

“ನಿನ್ನ್ ಅಪ್ಪಯ್ಯನ ಜಲರಾಣಿ,” ಎಂದಳು. “ಒಡೆಯುವಾಗ ಗುಜರಿಯವ್ರ್ ಕೇಳಿರ್. ನಾ ಕೊಡ್ಲಿಲ್ಲ. ನಮ್ಮೆಲ್ಲರ ಹೊಟ್ಟೆ ತುಂಬ್ಸಿದ್ ದೋಣಿ ಅಲ್ದಾ? ಕೂಸ್ಗಳ ಮೈ ಬೆಚ್ಚಗೆ ಮಾಡೂಕೆ ಅದ್ರಕಿಂತ ಒಳ್ಳೆ ಕಟ್ಟಿಗೆ ಎಲ್ಲಿತ್ತ್? ನೀರ್ ಕಾಯ್ಸಿ, ಅದ್ರದ್ದೇ ಕೆಂಡ ತೆಗ್ದ್ ಧೂಪ ಹಾಕಿ, ತೊಟ್ಲ್ ಕೆಳಗೂ ಇಡ್ತಿದ್ದೆ.”

ನಿರೀಕ್ಷಾ ಕೈಯಂತ್ರವನ್ನು ಹಲಗೆಗೆ ಹಿಡಿದಳು. ಹಿಡಿಯುವ ಮೊದಲೇ ಅವಳಿಗೆ ಗೊತ್ತಿತ್ತು. ಡಬ್ಬಿ ಕಿರ್ರೆಂದು ಕೂಗಿದ್ದು ಪಕ್ಕದ ಮನೆಯ ನಾಯಿಯನ್ನೂ ಎಬ್ಬಿಸಿತು.

ಅಪ್ಪಯ್ಯ ಪ್ರತಿ ಮಳೆಗಾಲ ದೋಣಿಯನ್ನು ದಡಕ್ಕೆ ಎಳೆಸಿ, ತಾವೇ ಕೂತು ಬಣ್ಣ ಬಳಿಯುತ್ತಿದ್ದರು. ಮರ ಕೊಳೆಯದಿರಲಿ ಎಂದು ಕೆಂಪು ಸೀಸದ ಬಣ್ಣ, ಅದರ ಮೇಲೆ ತಳದ ಬಣ್ಣ, ವರ್ಷ ವರ್ಷವೂ ಒಂದರ ಮೇಲೊಂದು. ಅದು ಉರಿದು ಹೊಗೆಯಾದಾಗ, ಬಾಗಿಲು ಮುಚ್ಚಿದ ಬಚ್ಚಲಲ್ಲಿ, ಮುತ್ತಜ್ಜಿಯ ಕಾಲ ಮೇಲೆ ಮಲಗಿದ ಕೂಸು ಬಾಯಿ ತೆರೆದು ಅತ್ತು ಅತ್ತು ಅದನ್ನೇ ಎಳೆದುಕೊಂಡಿತ್ತು. ಬಾಣಂತಿಯೂ ಉಸಿರಾಡಿದ್ದಳು, ಹಾಲಿನಲ್ಲಿ ಸ್ವಲ್ಪ ಹೋಗಿತ್ತು. ಬೇಬಿಯಮ್ಮನ ಮೈಗೂ ಹೋಗಿತ್ತು, ಅವಳು ಅದನ್ನು ಸಂದುನೋವು ಎಂದುಕೊಂಡಿದ್ದಳು.

ನಿರೀಕ್ಷಾ ಇದನ್ನೆಲ್ಲ ಆದಷ್ಟು ಮೆತ್ತಗೆ ಹೇಳಿದಳು. ಬೇಬಿಯಮ್ಮ ಹಲಗೆಯ ಮೇಲೆ ಇಟ್ಟ ಕೈಯನ್ನು ತೆಗೆದು ಸೆರಗಿಗೆ ಒರೆಸಿಕೊಂಡಳು.

“ನನ್ನ್ ಕೈಯಿಂದ್ಲೇ ಆದ್ದಾ?”

“ಹೊಗೆಯಿಂದ ಆದ್ದ್ ಅಮ್ಮ.”

“ಹೊಗೆ ಹಾಕಿದ್ದ್ ಯಾರ್?”

ನಿರೀಕ್ಷಾ ಕೈಯಂತ್ರವನ್ನು ಆರಿಸಿ ಕೆಳಗಿಟ್ಟಳು. ಅಮ್ಮ ಅಳುತ್ತಾಳೆ ಎಂದುಕೊಂಡಳು. ಅಮ್ಮ ಅಳಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗೇಟು ತೆರೆದು ಹೊರಗೆ ಹೊರಟಳು. ಎಲ್ಲಿಗೆ ಎಂದು ಕೇಳಿದರೆ, “ಲಚ್ಚುವಿನ ಸೊಸೆ ಬಾಣಂತಿ. ಅವ್ರಿಗೆ ಒಂದ್ ಹೊರೆ ಕೊಟ್ಟಿದೆ. ಆಚೆಕೇರಿಗೂ ಕೊಟ್ಟಿದೆ,” ಎಂದಳು.

ಆ ಸಂಜೆ ಬೇಬಿಯಮ್ಮ ಕೇರಿಯಿಡೀ ತಿರುಗಿದಳು. ಕೊಟ್ಟದ್ದನ್ನು ವಾಪಸು ಕೇಳುವುದು ಆ ಕೇರಿಯಲ್ಲಿ ಯಾರೂ ಮಾಡುವ ಕೆಲಸವಲ್ಲ. ಬೇಬಿಯಮ್ಮನಂಥವಳು ಮೆಟ್ಟಿಲ ಕೆಳಗೆ ನಿಂತು, “ನಾ ಕೊಟ್ಟ ಕಟ್ಟಿಗೆ ವಿಷದ್ದ್. ನಂಗೆ ಗೊತ್ತಿರ್ಲಿಲ್ಲ. ಒಂದ್ ಚೂರೂ ಬಿಡ್ದೆ ಕೊಡಿ, ಬೂದಿ ಇದ್ರೆ ಅದ್ನೂ ಕೊಡಿ,” ಎಂದು ಕೇಳುವುದನ್ನು ನೋಡಿ ಜನ ಬಾಯಿ ಬಿಟ್ಟುಕೊಂಡು ನಿಂತರು. ಕೆಲವರು ಸಿಟ್ಟಾದರು. ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿಕೊಂಡಳು. ಬೇಬಿಯಮ್ಮ ಅಲ್ಲೇ ಕಾದು ನಿಂತು, ಬಾಗಿಲು ತೆರೆಸಿ, ಬಸಳೆ ಬುಡಕ್ಕೆ ಹಾಕಿದ್ದ ಬೂದಿಯನ್ನೂ ಕೆರೆದು ತಂದಳು. ನಿರೀಕ್ಷಾ ಹಿಂದೆ ಹಿಂದೆ ಕೈಗಾಡಿ ತಳ್ಳುತ್ತಾ ನಡೆದಳು. ಇಷ್ಟು ವರ್ಷ ಎಷ್ಟೋ ಮನೆಗಳಿಗೆ ವರದಿ ಕೊಟ್ಟಿದ್ದಳು. ವರದಿ ತೆಗೆದುಕೊಂಡವರ ಹಿಂದೆ ಹೀಗೆ ನಡೆದದ್ದು ಇದೇ ಮೊದಲು.

ಹಲಗೆಗಳನ್ನೆಲ್ಲ ಕೇಂದ್ರದವರು ಪೀಪಾಯಿಗಳಲ್ಲಿ ಮುಚ್ಚಿ ಸಾಗಿಸಿದರು. ಕೇರಿಯ ಕೂಸುಗಳಿಗೆಲ್ಲ ರಕ್ತ ಪರೀಕ್ಷೆಯಾಯಿತು. ನಾಲ್ಕು ಕೂಸುಗಳಲ್ಲಿ ಸ್ವಲ್ಪ ಸ್ವಲ್ಪ ಕಂಡಿತು, ಯಾರಿಗೂ ಗಾಬರಿ ಬೀಳುವಷ್ಟಿರಲಿಲ್ಲ. ಡಾಕ್ಟರು ಹಾಗೆಂದಾಗ ಬೇಬಿಯಮ್ಮ ಕುರ್ಚಿಯ ಕೈ ಹಿಡಿದುಕೊಂಡು ಕೂತಳು, ಆಮೇಲೆ ಹಸಿವೆಂದು ಹೇಳಿ ಎರಡು ಇಡ್ಲಿ ತಿಂದಳು. ಅವಳು ಬಾಯಿಬಿಟ್ಟು ಕೇಳಿ ತಿಂದದ್ದು ಎಷ್ಟೋ ದಿನಕ್ಕೆ ಅದೇ.

ಬೈಂದೂರಿನಲ್ಲಿ ಮೇದಿನಿಗೆ ಕಬ್ಬಿಣದ ಹನಿ, ರಾಗಿ, ಹಾಲು ಶುರುವಾಯಿತು. ಮೊದಲ ತಿಂಗಳು ಏನೂ ತೋರಲಿಲ್ಲ, ನಿರೀಕ್ಷಾ ಹಲ್ಲು ಕಚ್ಚಿ ಕಾದಳು. ಆಮೇಲಿನ ಪರೀಕ್ಷೆಯಲ್ಲಿ ಇಳಿದಿತ್ತು. ಅದರ ಮುಂದಿನದರಲ್ಲಿ ಇನ್ನೂ ಇಳಿದಿತ್ತು. ಒಂದು ಮಧ್ಯಾಹ್ನ ಪ್ರಾಪ್ತಿ ವೀಡಿಯೋ ಕಳಿಸಿದಳು: ಹೊಸದಾಗಿ ಚಿಗುರಿದ ಮೊಂಡುಗೂದಲಿನ ಕೂಸು ಹೊಲಿಗೆ ಯಂತ್ರದ ಕಾಲು ಹಿಡಿದು ನಿಂತು, ಬಿಟ್ಟು, ಎರಡು ಹೆಜ್ಜೆ ಇಟ್ಟು ಕುಂಡೆಯೂರಿ ಕೂತು ನಗುತ್ತಿತ್ತು. ನಿರೀಕ್ಷಾ ಕೇಂದ್ರದಲ್ಲಿ ಎಲ್ಲರೆದುರು ಅತ್ತುಬಿಟ್ಟಳು. ಅಜ್ಮಲ್ ಕನ್ನಡಕ ತೆಗೆದು ಒರೆಸುತ್ತಾ ಯಂತ್ರಕ್ಕೆ ಧೂಳು ಬಂದಿದೆ ಎಂದ.

ಬೇಬಿಯಮ್ಮ ಆ ವೀಡಿಯೋವನ್ನು ಎಷ್ಟು ಸಲ ನೋಡಿದಳೋ. ಆದರೆ ಬೈಂದೂರಿಗೆ ಹೋಗೋಣ ಎಂದರೆ ಬೇಡವೆಂದು ತಲೆಯಾಡಿಸುತ್ತಿದ್ದಳು. ಕೇರಿಯಲ್ಲಿ ಕೂಸುಗಳನ್ನು ಮೀಯಿಸುವುದನ್ನೂ ಬಿಟ್ಟಿದ್ದಳು. ಕರೆದರೆ, “ನನ್ನ್ ಕೈ ಒಳ್ಳೇದಲ್ಲ,” ಎಂದು ಒಳಗೆ ಹೋಗುತ್ತಿದ್ದಳು. ನಿರೀಕ್ಷಾಗೆ ಕೂಸು ಉಳಿಯಿತೆಂಬ ಸಮಾಧಾನದ ನಡುವೆ ಇದೊಂದು ಮುಳ್ಳು ಉಳಿದೇ ಇತ್ತು. ಹೊಗೆಯನ್ನು ಯಂತ್ರ ಹಿಡಿದುಕೊಟ್ಟಿತು, ಇದಕ್ಕೆ ಯಾವ ಯಂತ್ರ?

ಒಂದು ಭಾನುವಾರ ಶಶಿರೇಖಾ ಫೋನ್ ಮಾಡಿದಳು. ನಿರೀಕ್ಷಾಗಲ್ಲ, ನೇರ ಬೇಬಿಯಮ್ಮನಿಗೆ.

“ಅಮ್ಮ, ನಿಮ್ಮ್ ಮೊಮ್ಮಗಳ ಮಗಳ್ ನನ್ನ್ ಜೀವ ತೆಗೀತಾ ಇತ್ತ್. ನೀರ್ ಕಂಡ್ರೆ ಕೇರಿ ಒಂದ್ ಮಾಡತ್ತ್. ನಂಗೂ ಆತಿಲ್ಲ, ಪ್ರಾಪ್ತಿಗೂ ಆತಿಲ್ಲ. ನೀವ್ ಒಂದ್ ಸಲ ಬಂದ್ ಮೀಸಿ ಕೊಡಿ.”

“ನಾ ಬ್ಯಾಡ ಮಗಾ,” ಎಂದಳು ಬೇಬಿಯಮ್ಮ. “ನನ್ನ್ ಕೈಯಿಂದ ಆದ್ದ್ ಸಾಕ್.”

“ಕಟ್ಟಿಗೆ ಬ್ಯಾಡ ಅಂದ್ದ್ ನಾನ್, ಕೈ ಬ್ಯಾಡ ಅಂದೇಳಿ ಯಾವತ್ತ್ ಹೇಳಿದೆ? ನಿಮ್ಮನೆಗೆ ಕಳ್ಸೂದಿಲ್ಲ ಅಂದಾಗ ನಂಗ್ ಹೆದ್ರಿಕೆ ಇತ್ತ್. ಈಗ್ಳ್ ಇಲ್ಲ. ಬನ್ನಿ.”

ಬೇಬಿಯಮ್ಮ ಫೋನನ್ನು ಕಿವಿಯಿಂದ ತೆಗೆದು ಕೆಳಗಿಟ್ಟಳು. ಆಮೇಲೆ ಒಳಗೆ ಹೋದವಳು ಒಳ್ಳೆಯ ಸೀರೆಯುಟ್ಟು ಬಂದು ಮಗಳ ಕಾರು ಹತ್ತಿದಳು.

ಬೈಂದೂರಿನ ಮನೆಯ ಬಚ್ಚಲಲ್ಲಿ ಒಲೆ ಇರಲಿಲ್ಲ, ಬಿಳಿ ಗೋಡೆ, ಎರಡು ನಲ್ಲಿ. ಬೇಬಿಯಮ್ಮ ಕಿಟಕಿ ತೆರೆಸಿದಳು. ಬಕೆಟಿನ ನೀರಿಗೆ ಮೊಣಕೈ ಅದ್ದಿ ನೋಡಿದಳು, ತಣ್ಣೀರು ಬೆರೆಸಿ ಮತ್ತೆ ನೋಡಿದಳು. ಚಿಕ್ಕ ಮಣೆಯ ಮೇಲೆ ಕೂತು ಕಾಲು ಉದ್ದಕ್ಕೆ ಚಾಚಿದಳು. ಎರಡೂ ಕೈಗಳನ್ನು ಸೆರಗಿನಡಿ ಇಟ್ಟುಕೊಂಡಳು. ಪ್ರಾಪ್ತಿ ಕೂಸನ್ನು ಬಾಗಿಲಲ್ಲಿ ಇಳಿಸಿದಳು. ಮೇದಿನಿ ಗೋಡೆ ಹಿಡಿದುಕೊಂಡು, ತಪತಪ ಹೆಜ್ಜೆ ಹಾಕಿ ಬಂದು, ಚಾಚಿದ ಕಾಲುಗಳ ಮೇಲೆ ತಾನಾಗಿಯೇ ಬೋರಲು ಬಿದ್ದಿತು. ಮುತ್ತಜ್ಜಿಯ ಕೈ ಅದರ ಬೆನ್ನ ಮೇಲೆ ಇಳಿಯಿತು. ಎಣ್ಣೆ ತಿಕ್ಕಿದ್ದಾಯಿತು, ನೀರು ಹುಯ್ದದ್ದಾಯಿತು, ಕೂಸು ಕಿರುಚಿ ರಂಪ ಮಾಡಿತು, ಆಮೇಲೆ ಕಿರುಚುವುದನ್ನು ಮರೆತು ನೀರಿಗೆ ಕೈ ಬಡಿಯತೊಡಗಿತು. ಹೊರಗೆ ನಿಂತ ನಿರೀಕ್ಷಾ ಎಷ್ಟೋ ತಿಂಗಳ ಮೇಲೆ ಎದೆತುಂಬ ಉಸಿರು ಬಿಟ್ಟಳು.

ಒದ್ದೆ ಕೂಸನ್ನು ಟವೆಲಿನಲ್ಲಿ ಸುತ್ತಿ ತೆಗೆದುಕೊಳ್ಳುತ್ತಾ ಶಶಿರೇಖಾ ಕೇಳಿದಳು. “ನಾಳೆಯೂ ಬತ್ತ್ರಿ ಅಲ್ದಾ ಅಮ್ಮ?”

ಹುಟ್ಟಿದಾಗಿನಿಂದ ಬೀಗರ ಮನೆಯಲ್ಲಿ ಒಂದು ರಾತ್ರಿಯೂ ತಂಗಿದವಳಲ್ಲ ಬೇಬಿಯಮ್ಮ. ಅವಳು ಗೋಡೆ ಹಿಡಿದು ಮೆಲ್ಲಗೆ ಎದ್ದು, ಸೀರೆಯ ನೆರಿಗೆ ಹಿಂಡಿಕೊಂಡಳು.

“ಬಪ್ಪುದ್ ಎಂತಕೆ? ಬಟ್ಟೆ ಚೀಲ ಕಾರಂಗೇ ಇತ್ತ್.”